ಸಾವಿನ ಮನೆಗೆ ಮೊದಲು ಬರುವ ಅಂಗಡಿ: ದಾವಣಗೆರೆಯಲ್ಲಿ ಅಂತ್ಯಕ್ರಿಯೆ ಕಸುಬಾದ ಬಗೆ

ದಾವಣಗೆರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬರು ತೀರಿಕೊಂಡರೆ ಮನೆಯವರು ಮೊದಲು ಮಾಡುವ ನಾಲ್ಕಾರು ಫೋನ್ ಕರೆಗಳಲ್ಲಿ ಒಂದು ಫ್ರೀಜರ್ ಪೆಟ್ಟಿಗೆಯವರಿಗೆ ಹೋಗುತ್ತದೆ. ದೂರದ ಬೀಗರಿಗೆ ಸುದ್ದಿ ಮುಟ್ಟುವುದು ಆಮೇಲೆ. ಗೂಡ್ಸ್ ಆಟೊದಲ್ಲಿ ಪೆಟ್ಟಿಗೆ ಬಂದು ಇಳಿಯುತ್ತದೆ, ಜೊತೆಗೆ ಪ್ಲಾಸ್ಟಿಕ್ ಕುರ್ಚಿಗಳು, ಬೇಕೆಂದರೆ ಶಾಮಿಯಾನ. ಬೆಳಗಾದರೆ ವಿಮಾನ, ಅಂದರೆ ದೇಹವನ್ನು ಕೂರಿಸಿ ಹೊರುವ ಬಿದಿರಿನ ಮಂಟಪ, ಕಟ್ಟುವವರನ್ನು ಕಳಿಸುವವರೂ ಅವರೇ. ಹೂಳುವ ಕುಣಿ ತೆಗೆಯುವವರಿಗೆ ಹೇಳುವುದು, ಹೂವು, ಪತ್ರೆ, ವಿಭೂತಿ ತರಿಸುವುದು, ಮುಕ್ತಿವಾಹನದ ಚಾಲಕನ ನಂಬರ್ ಕೊಡುವುದು ಎಲ್ಲವೂ ಆ ಒಂದೇ ಅಂಗಡಿಯಿಂದ ನಡೆಯುತ್ತದೆ. ಇಂಥ ಅಂಗಡಿಗಳಲ್ಲಿ ಬಹುಪಾಲು ಒಂದೊಂದು ಕುಟುಂಬದವು. ಅಪ್ಪ ಬಿದಿರು ಸೀಳುತ್ತಿದ್ದರು ಅಥವಾ ಹೂವು ಕಟ್ಟುತ್ತಿದ್ದರು, ಮಗ ಪೆಟ್ಟಿಗೆ ಮತ್ತು ವಾಹನ ಇಟ್ಟಿದ್ದಾನೆ, ಮೊಮ್ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ.

ಊರು ಇವರ ಮೇಲೆ ಇಷ್ಟೊಂದು ನೆಚ್ಚಿಕೊಂಡಿದ್ದರೂ ಇವರ ಕಸುಬಿಗೆ ದರಪಟ್ಟಿ ಇಲ್ಲ, ರಸೀದಿ ಅಪರೂಪ. ಸಾವಿನಲ್ಲೂ ವ್ಯಾಪಾರವೇ ಎಂದು ಮೂಗು ಮುರಿಯುವವರು ಬಹಳ. ನನಗೆ ಆ ಮೂಗು ಮುರಿಯುವಿಕೆಯ ಮೇಲೆ ಅಷ್ಟು ಗೌರವವಿಲ್ಲ. ಈ ಅಂಗಡಿ ಯಾವ ಜಾಗವನ್ನು ತುಂಬಿತು, ಆ ಜಾಗ ಹೇಗೆ ಖಾಲಿಯಾಯಿತು ಎಂದು ನೋಡಿದರೆ ದೂರಬೇಕಾದವರ ಪಟ್ಟಿಯೇ ಬದಲಾಗುತ್ತದೆ.

ಹಳ್ಳಿಯಲ್ಲಿ ಹಿಂದೆ ಸಾವಿನ ಕೆಲಸ ಪುಕ್ಕಟೆಯಾಗಿತ್ತು, ಎಲ್ಲರೂ ಕೈಜೋಡಿಸುತ್ತಿದ್ದರು ಎನ್ನುವ ಮಾತು ಅರ್ಧ ಮಾತ್ರ ನಿಜ. ಹೆಗಲು ಕೊಡುತ್ತಿದ್ದವರು ನೆಂಟರು, ಓಣಿಯವರು. ಅವರಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ, ನಿಜ. ಆದರೆ ಸಾವಿನ ಸುದ್ದಿ ಹೊತ್ತು ಹತ್ತು ಹಳ್ಳಿ ನಡೆದವರು, ಕುಣಿ ತೆಗೆದವರು, ಹಲಗೆ ಬಡಿದವರು, ಲಿಂಗಾಯತರ ಶವಯಾತ್ರೆಯ ಮುಂದೆ ಗಂಟೆಬಟ್ಟಲು ಹಿಡಿದು ನಡೆದ ಛಲವಾದಿ, ಮಡಕೆ ಕೊಟ್ಟ ಕುಂಬಾರ, ಬಿದಿರು ಸೀಳಿದ ಮೇದಾರ, ಇವರೆಲ್ಲ ಆಯ ಎಂಬ ಕಾಳಿನ ಕೂಲಿಯ ಕಟ್ಟಿಗೆ ಒಳಪಟ್ಟವರು. ಸುಗ್ಗಿಯ ಕಣದಲ್ಲಿ ಅಳೆದುಕೊಟ್ಟ ಕಾಳು ಇವರ ವರ್ಷದ ಲೆಕ್ಕ. ಬರುವುದಿಲ್ಲ ಎನ್ನುವ ಹಕ್ಕು ಇವರಲ್ಲಿ ಹಲವರಿಗೆ ಇರಲಿಲ್ಲ. ಪುಕ್ಕಟೆ ಎಂದು ಕಂಡದ್ದರ ಬೆಲೆಯನ್ನು ಜಾತಿ ತೆರುತ್ತಿತ್ತು.

ಅದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಇದೇ ಸೀಮೆಯವರಿದ್ದರು. ದಲಿತ ಸಂಘರ್ಷ ಸಮಿತಿಯ ಸ್ಥಾಪಕ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು ಹರಿಹರದಲ್ಲಿ, 1938ರಲ್ಲಿ. 1970ರ ದಶಕದಲ್ಲಿ ಭದ್ರಾವತಿಯಿಂದ ಹಬ್ಬಿದ ಆ ಚಳವಳಿ, ಸತ್ತ ದನ ಹೊರುವುದನ್ನು, ಮೇಲಿನವರ ಮನೆಯ ಸಾವಿಗೆ ಬಿಟ್ಟಿ ಹಲಗೆ ಬಡಿಯುವುದನ್ನು ನಿಲ್ಲಿಸಿ ಎಂದು ಕೇರಿಕೇರಿಯಲ್ಲಿ ಹೇಳಿತು. ನಿಲ್ಲಿಸಿದ ಕಡೆಗಳಲ್ಲಿ ಬಹಿಷ್ಕಾರಗಳಾದವು, ಜಗಳಗಳಾದವು. ಆದರೂ ಒಂದು ತಲೆಮಾರಿನೊಳಗೆ ಬಿಟ್ಟಿ ಕೆಲಸ ಕೂಲಿಯ ಕೆಲಸವಾಯಿತು. ಇಂದು ಹಲಗೆಯ ಮೇಳದವರನ್ನು ಮುಂಗಡ ಕೊಟ್ಟು ಗೊತ್ತುಮಾಡಬೇಕು. ಹಾಗಾದದ್ದಕ್ಕೆ ಬೇಸರಪಡುವವರು ತಾವು ಯಾವುದಕ್ಕೆ ಬೇಸರಪಡುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಪೇಟೆಯ ಕಥೆ ಸ್ವಲ್ಪ ಬೇರೆ. ದಾವಣಗೆರೆ ಹತ್ತಿ ಗಿರಣಿಗಳಿಂದ ಬೆಳೆದ ಊರು. ಹರಪನಹಳ್ಳಿ, ಜಗಳೂರು, ಚನ್ನಗಿರಿ ಕಡೆಯಿಂದ, ಅದಕ್ಕೂ ಆಚೆಯಿಂದ ಗಿರಣಿ ಕೆಲಸಕ್ಕೆ ಬಂದವರಿಗೆ ಇಲ್ಲಿ ಮನೆಯಿತ್ತು, ಪಾಳಿಯಿತ್ತು, ಸಂಬಳವಿತ್ತು, ಆಯಗಾರರು ಇರಲಿಲ್ಲ. ಬಾಡಿಗೆ ಮನೆಯಲ್ಲಿ ಒಬ್ಬರು ತೀರಿಕೊಂಡರೆ ಬಿದಿರು ಎಲ್ಲಿ ಸಿಗುತ್ತದೆ, ಮಡಕೆ ಯಾರು ಕೊಡುತ್ತಾರೆ, ಯಾವ ರುದ್ರಭೂಮಿಯಲ್ಲಿ ಜಾಗ ಎನ್ನುವುದನ್ನು ಕೇಳಿಯೇ ತಿಳಿಯಬೇಕಿತ್ತು. ಕೇಳಿದವರಿಗೆ ಉತ್ತರ ಹೇಳಬಲ್ಲ ಒಂದು ಅಂಗಡಿ ಇದ್ದರೆ ಸಾಕು, ಅಲ್ಲಿಂದಲೇ ಕಸುಬು ಶುರು. ಗ್ರಂಥಿಗೆ ಅಂಗಡಿಯವರು ಬಿಳಿ ಬಟ್ಟೆ, ಕರ್ಪೂರ, ಊದುಬತ್ತಿ, ಅರಿಸಿನ, ಕುಂಕುಮ, ಚಿಲ್ಲರೆ ನಾಣ್ಯ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿಕೊಟ್ಟರು. ದಾರಿಯುದ್ದಕ್ಕೂ ಎರಚಲು ಮಂಡಕ್ಕಿ ಬೇಕಲ್ಲ, ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಅದಕ್ಕೇನು ಕೊರತೆ! ಕಲಸಿದರೆ ಸಂಜೆಯ ತಿಂಡಿ, ಎರಚಿದರೆ ಕೊನೆಯ ದಾರಿಯ ಗುರುತು. ಎರಡೂ ಒಂದೇ ಚೀಲದಿಂದ ಬರುತ್ತವೆ.

ಈ ಅಂಗಡಿಗಳಿಗೆ ತಮ್ಮದೇ ನಡಾವಳಿ ಇದೆ. ರಾತ್ರಿ ಬಾಗಿಲು ಬಡಿದರೂ ತೆರೆಯುತ್ತಾರೆ. ಗಿರಾಕಿ ಚೌಕಾಸಿ ಮಾಡುವುದಿಲ್ಲ, ಅಂಗಡಿಯವರು ಮತ್ತೆ ಬನ್ನಿ ಎನ್ನುವುದಿಲ್ಲ. ಸಾವಿನ ಮನೆಯಿಂದ ಹೊರಡುವವರು ಬರುತ್ತೇನೆ ಎಂದು ಹೇಳದೆ ಎದ್ದುಹೋಗುವಂತೆ, ಇಲ್ಲೂ ವ್ಯವಹಾರ ಮುಗಿದ ಮೇಲೆ ಮಾತಿಲ್ಲ. ಚೌಕಾಸಿ ಇಲ್ಲದ ಕಡೆ ವ್ಯಾಪಾರಿಯ ಮರ್ಯಾದೆಯೇ ಬೆಲೆಯನ್ನು ಕಾಯಬೇಕು. ಓಣಿಯಲ್ಲಿ ಮೂವತ್ತು ವರ್ಷದಿಂದ ಇರುವ ಕುಟುಂಬಕ್ಕೆ ಆ ಮರ್ಯಾದೆಯ ಭಯ ಇರುತ್ತದೆ; ಜಾಸ್ತಿ ಕಿತ್ತರೆ ಮುಂದಿನ ಸಾವಿಗೆ ಕರೆಯುವವರಿಲ್ಲ. ಕುಟುಂಬದ ಅಂಗಡಿಯ ನಿಜವಾದ ಬಂಡವಾಳ ಇದು. ಇದು ಎಷ್ಟು ಕಾಲ ಬಾಳುತ್ತದೆ ಎನ್ನುವುದೇ ಈಗಿನ ಪ್ರಶ್ನೆ.

ಇನ್ನೊಂದು ಬಂಡವಾಳ ತಿಳಿವಳಿಕೆ. ಇದನ್ನು ಹೊರಗಿನವರು ಕಡಿಮೆ ಅಂದಾಜು ಮಾಡುತ್ತಾರೆ. ಲಿಂಗಾಯತರ ಕ್ರಿಯಾಸಮಾಧಿಯನ್ನೇ ತೆಗೆದುಕೊಳ್ಳಿ. ದೇಹವನ್ನು ಕುಳಿತ ಭಂಗಿಯಲ್ಲಿ ವಿಮಾನದೊಳಗೆ ಇಡಬೇಕು, ಕುಳಿತಂತೆಯೇ ಸಮಾಧಿಯೊಳಗೆ ಇಳಿಸಬೇಕು, ಅಂಗೈಯಲ್ಲಿ ಇಷ್ಟಲಿಂಗ ಇರಬೇಕು, ಸುತ್ತ ವಿಭೂತಿ ಮತ್ತು ಪತ್ರೆ ತುಂಬಬೇಕು. ಕುಣಿಯನ್ನು ಪಾದದ ಅಳತೆಯಲ್ಲಿ ತೆಗೆಯುವ ಪದ್ಧತಿ ಇದೆ. ಇದಕ್ಕೆಲ್ಲ ಒಂದು ಗಡುವಿದೆ, ಆ ಗಡುವನ್ನು ಹಾಕುವುದು ಪಂಚಾಂಗವಲ್ಲ, ದೇಹವೇ. ಜೀವ ಹೋದ ಎರಡರಿಂದ ಆರು ಗಂಟೆಯೊಳಗೆ ಸ್ನಾಯುಗಳು ಸೆಟೆದುಕೊಳ್ಳತೊಡಗುತ್ತವೆ, ಹನ್ನೆರಡು ಗಂಟೆಯ ಹೊತ್ತಿಗೆ ಪೂರ್ತಿ ಬಿಗಿಯುತ್ತವೆ. ಅದಕ್ಕೇ ಹಿರಿಯರು ಉಸಿರು ನಿಂತ ಸ್ವಲ್ಪ ಹೊತ್ತಿನಲ್ಲೇ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ಕಾಲು ಮಡಚಿ, ಬಟ್ಟೆಯಿಂದ ಕಟ್ಟಿಬಿಡುತ್ತಿದ್ದರು.

ಈಗ ಮಗಳು ಪುಣೆಯಿಂದ ಬರಬೇಕು, ಮಗ ಅಮೆರಿಕದಿಂದ. ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿನಲ್ಲಿ ಇಳಿದವರು ಹೆದ್ದಾರಿಯಲ್ಲಿ ಇನ್ನೂ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಬರಬೇಕು. ಹಾಗಾಗಿ ಫ್ರೀಜರ್ ಪೆಟ್ಟಿಗೆ ಅನಿವಾರ್ಯ. ಆದರೆ ಬಹುಪಾಲು ಪೆಟ್ಟಿಗೆಗಳು ಮಲಗಿಸುವ ಅಳತೆಯವು. ಮಲಗಿಸಿ ತಣ್ಣಗಿಟ್ಟ ದೇಹ ಮಲಗಿದಂತೆಯೇ ಬಿಗಿಯುತ್ತದೆ, ಸಾಮಾನ್ಯ ಹವೆಯಲ್ಲಿ ಒಂದೂವರೆ ದಿನಕ್ಕೆ ಸಡಿಲವಾಗಬೇಕಾದ ಬಿಗಿತ ತಂಪಿನಲ್ಲಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಕೊನೆಗೆ ಅದನ್ನು ಕೂರಿಸುವುದು ಹೇಗೆ? ಬಲವಂತ ಮಾಡಬೇಕು, ಇಲ್ಲವೇ ಮಲಗಿಸಿಯೇ ಮಣ್ಣು ಮಾಡಬೇಕು. ಅಲ್ಲಿ ವಿಧಿ ನಡೆಸುವ ಅಯ್ಯನವರಿಗೂ ಮನೆಯ ಹಿರಿಯರಿಗೂ ವಾದ ಹತ್ತುತ್ತದೆ. ಅನುಭವವಿರುವ ಅಂಗಡಿಯವರು ಫೋನಿನಲ್ಲೇ ಮೊದಲು ಕೇಳುವುದು ಇದನ್ನೇ: ಎಷ್ಟು ಹೊತ್ತಾಯಿತು, ಕೂರಿಸುವುದೋ ಮಲಗಿಸುವುದೋ, ಹೊರಗಿನಿಂದ ಯಾರಾದರೂ ಬರಬೇಕೋ. ಬೆಂಗಳೂರಿನ ಕಾಲ್ ಸೆಂಟರಿನಿಂದ ಪ್ಯಾಕೇಜ್ ಮಾರುವವರು ಈ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳುತ್ತಾರೆಂದು ನಾನು ನಂಬಲಾರೆ.

ಸಮುದಾಯಕ್ಕೊಂದು ರೀತಿ ಇರುವುದು ಈ ಕಸುಬಿನ ಕಷ್ಟವೂ ಹೌದು, ಕಾವಲೂ ಹೌದು. ಸುಡುವವರಿಗೆ ಚಟ್ಟ, ಮಡಕೆ, ಕುಳ್ಳು, ಮೂರರಿಂದ ಐದು ಕ್ವಿಂಟಲ್ ಸೌದೆ ಬೇಕು. ಅಸ್ಥಿ ಬಿಡಲು ಹರಿಹರದ ತುಂಗಭದ್ರೆ ಹತ್ತಿರದಲ್ಲೇ ಇದೆ. ಹೂಳುವವರಲ್ಲಿ ಮೂರನೇ ದಿನ ಹಾಲು-ತುಪ್ಪ ಬಿಡುವವರಿದ್ದಾರೆ. ಸುಡುವ ಮನೆತನಗಳಲ್ಲೂ ಎಳೆಯ ಮಕ್ಕಳನ್ನು ಹೂಳುತ್ತಾರೆ. ಮುಸ್ಲಿಮರಲ್ಲಿ ಕಫನ್ ಬಟ್ಟೆ, ಅತ್ತರು, ಕರ್ಪೂರ ಸಾಕು, ಕಾಯುವ ಪ್ರಶ್ನೆ ಕಡಿಮೆ. ಸ್ನಾನ ಮಾಡಿಸುವ ಹಲಗೆ, ಹೊರುವ ಜನಾಜಾ ಎರಡೂ ಮಸೀದಿಯ ಜಮಾತಿನ ಸ್ವತ್ತು. ಹಾಗಾಗಿ ಆ ಸಮುದಾಯಕ್ಕೆ ಈ ಅಂಗಡಿಯ ಅಗತ್ಯ ಬಿದ್ದದ್ದೇ ಕಡಿಮೆ. ಒಂದು ಸಮುದಾಯ ತನ್ನ ಸಾವಿನ ಸಾಮಗ್ರಿಯನ್ನು ಸಾಮೂಹಿಕವಾಗಿ ಇಟ್ಟುಕೊಂಡರೆ ಮಾರುಕಟ್ಟೆಗೆ ಜಾಗವಿರುವುದಿಲ್ಲ ಎನ್ನುವುದಕ್ಕೆ ಇದು ನಮ್ಮ ಊರಲ್ಲೇ ಇರುವ ಪುರಾವೆ. ಈಚೆಗೆ ಕೆಲವು ಸಮಾಜಗಳು, ಸೇವಾ ಸಂಸ್ಥೆಗಳು ತಾವೇ ಫ್ರೀಜರ್ ಪೆಟ್ಟಿಗೆ, ಮುಕ್ತಿವಾಹನ ಕೊಳ್ಳತೊಡಗಿರುವುದು ಇದೇ ದಾರಿ ಹಿಡಿದು.

ಸಾವಿಗೆ ಹಲವರು ಕೂಡಿ ಕೈಹಾಕುವುದು ಪಕ್ಕದ ಚಿತ್ರದುರ್ಗ ಸೀಮೆಯಲ್ಲಿ ತೀರ ಹಳೆಯ ವಿಷಯ ಎಂಬುದನ್ನೂ ಇಲ್ಲಿ ನೆನೆಯಬಹುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದಾಗ ಬೃಹತ್ ಶಿಲಾ ಕಾಲದ ಕಲ್ಗೋರಿಗಳು ತೆರೆದುಕೊಂಡವು. ಒಂದೊಂದು ಗೋರಿಯ ನಾಲ್ಕು ಬದಿಗೂ ನಿಲ್ಲಿಸಿದ್ದು ದೊಡ್ಡ ಕರಿಕಲ್ಲಿನ ಚಪ್ಪಡಿಗಳನ್ನು, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಅಂಥ ಕಲ್ಲನ್ನು ಒಂದು ಮನೆಯವರು ಎತ್ತಲಾರರು. ಯಾರೋ ಕೂಡಿಸಿದರು, ಯಾರೋ ಎಳೆದರು, ಯಾರೋ ಊಟ ಹಾಕಿದರು.

ಅಂತ್ಯಕ್ರಿಯೆ ಕುಟುಂಬಗಳ ಕಸುಬಾದ ಇನ್ನೊಂದು ನಾಡು ಅಮೆರಿಕ. ಅಲ್ಲಿಯ ಕಥೆಯಲ್ಲಿ ನಮಗೆ ಬೇಕಾದ ಎರಡು ತಿರುವುಗಳಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಶವಪೆಟ್ಟಿಗೆ ಮಾಡುತ್ತಿದ್ದವರು ಊರಿನ ಮರಗೆಲಸದವರು. ದೇಹವನ್ನು ಮನೆಯ ಪಡಸಾಲೆಯಲ್ಲೇ ಇಡುತ್ತಿದ್ದರು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ದೂರದಲ್ಲಿ ಸತ್ತ ಸೈನಿಕರನ್ನು ಮನೆಗೆ ಕಳಿಸಲು ದೇಹ ಕೆಡದಂತೆ ರಾಸಾಯನಿಕ ತುಂಬುವ ಪದ್ಧತಿ ಹಬ್ಬಿತು. 1865ರಲ್ಲಿ ಅಧ್ಯಕ್ಷ ಲಿಂಕನ್ನರ ದೇಹ ಹಾಗೆಯೇ ರೈಲಿನಲ್ಲಿ ಊರೂರು ಸುತ್ತಿ ಸ್ಪ್ರಿಂಗ್‌ಫೀಲ್ಡ್ ಮುಟ್ಟಿತು, ಜನ ಕಣ್ಣಾರೆ ನೋಡಿದರು. ಆಮೇಲೆ ಮರಗೆಲಸದವರೇ ಶವಸಂಸ್ಕಾರದವರಾದರು, ಕೆಳಗೆ ದೇಹ ಇಡುವ ಕೋಣೆ, ಮಹಡಿಯ ಮೇಲೆ ಸಂಸಾರ. ಕುಟುಂಬದ ಫ್ಯೂನರಲ್ ಹೋಮ್ ಎಂದರೆ ಅದು. ದೂರದಲ್ಲಿರುವವರಿಗಾಗಿ ದೇಹವನ್ನು ಕಾಯಿಸಬೇಕಾದಾಗ ಅಲ್ಲಿ ಆ ಕಸುಬು ಬೆಳೆಯಿತು. ಇಲ್ಲಿ ಫ್ರೀಜರ್ ಪೆಟ್ಟಿಗೆಯಿಂದ ಆಗುತ್ತಿರುವುದೂ ಅದೇ.

ಎರಡನೆಯ ತಿರುವು 1962ರ ನಂತರದ್ದು. ಹ್ಯೂಸ್ಟನ್ನಿನಲ್ಲಿ ಆ ವರ್ಷ ಹುಟ್ಟಿದ ಸರ್ವಿಸ್ ಕಾರ್ಪೊರೇಷನ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಊರೂರಿನ ಕುಟುಂಬದ ಅಂಗಡಿಗಳನ್ನು ಕೊಳ್ಳುತ್ತ ಹೋಯಿತು. ಕೊಂಡ ಮೇಲೂ ಬಾಗಿಲ ಮೇಲೆ ಹಳೆಯ ಮನೆತನದ ಹೆಸರೇ ಉಳಿಯುತ್ತಿತ್ತು. ಅಜ್ಜನ ಕಾಲದ ನಂಬಿಕೆಯಿಂದ ಬಂದ ಗಿರಾಕಿಗೆ ಮಾಲೀಕ ಬದಲಾದದ್ದು ಗೊತ್ತೇ ಆಗುತ್ತಿರಲಿಲ್ಲ. ಬೆಲೆಗಳ ಬಗ್ಗೆ ದೂರುಗಳು ಹೆಚ್ಚಿ, 1984ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆ ನಿಯಮವೊಂದನ್ನು ಜಾರಿಗೆ ತಂದಿತು: ಕೇಳಿದವರಿಗೆ ಪ್ರತಿಯೊಂದರ ಬೆಲೆಯನ್ನೂ ಬೇರೆಬೇರೆಯಾಗಿ ಬರೆದ ಪಟ್ಟಿ ಕೊಡಬೇಕು, ಫೋನಿನಲ್ಲಿ ಕೇಳಿದರೂ ಬೆಲೆ ಹೇಳಬೇಕು, ಬೇಡದ್ದನ್ನು ಕಟ್ಟುವಂತಿಲ್ಲ. ಇಷ್ಟಾದರೂ ಅಮೆರಿಕದ ಫ್ಯೂನರಲ್ ಹೋಮ್‌ಗಳಲ್ಲಿ ಹೆಚ್ಚಿನವು ಇಂದಿಗೂ ಕುಟುಂಬದವರ ಕೈಯಲ್ಲೇ ಇವೆ. ದರಪಟ್ಟಿ ಕುಟುಂಬದ ಅಂಗಡಿಯನ್ನು ಮುಳುಗಿಸುತ್ತದೆ ಎಂಬ ಹೆದರಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? ಜಾಗದ ಬಗ್ಗೆ ಸಾಕಷ್ಟು ಹೇಳುತ್ತದೆ, ಸೇವೆಯ ಬಗ್ಗೆ ಹೆಚ್ಚುಕಡಿಮೆ ಸುಮ್ಮನಿದೆ. ಸ್ಮಶಾನ ರಾಜ್ಯಪಟ್ಟಿಯ ವಿಷಯ. ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿ ಅದನ್ನು ನಗರ ಸಂಸ್ಥೆಗಳ ಕೆಲಸವೆಂದು ಎಣಿಸುತ್ತದೆ, ಅಂದರೆ ಇಲ್ಲಿ ಮಹಾನಗರ ಪಾಲಿಕೆಯದು. ಹಳ್ಳಿಗಳಲ್ಲಿ ಜಾಗವೇ ತಕರಾರು. ಹೊಲವಿದ್ದವರು ಹೊಲದ ಬದುವಿನಲ್ಲಿ ಸಮಾಧಿ ಮಾಡುತ್ತಾರೆ, ಹೊಲವಿಲ್ಲದವರು ಹಳ್ಳದ ದಂಡೆ ಹುಡುಕುತ್ತಾರೆ. ಸ್ಮಶಾನ ಭೂಮಿ ಇಲ್ಲದ ಊರುಗಳಿಗೆ ಜಾಗ ಕೊಡಿ ಎಂದು ರಾಜ್ಯದ ಹೈಕೋರ್ಟ್ 2019ರಲ್ಲಿ ನಿರ್ದೇಶನ ಕೊಟ್ಟಿತು. ಪಾಲನೆಯಾಗಲಿಲ್ಲವೆಂದು ನ್ಯಾಯಾಂಗ ನಿಂದನೆಯ ಅರ್ಜಿಯೂ ಬಂತು.

ತೆರಿಗೆಯಲ್ಲಿ ವಿಚಿತ್ರವಿದೆ. 2017ರ ಜಿಎಸ್‌ಟಿ ಕಾಯ್ದೆಯ ಮೂರನೇ ಅನುಸೂಚಿ ಅಂತ್ಯಕ್ರಿಯೆ, ದಫನ, ದಹನ, ಶವಾಗಾರದ ಸೇವೆಗಳನ್ನು, ಶವ ಸಾಗಣೆಯನ್ನು ಸಹ, ತೆರಿಗೆಯ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. 2022ರ ಜುಲೈನಲ್ಲಿ ಚಿತಾಗಾರ ಕಟ್ಟುವ ಗುತ್ತಿಗೆ ಕೆಲಸದ ತೆರಿಗೆ ಶೇ 12ರಿಂದ ಶೇ 18ಕ್ಕೆ ಏರಿದಾಗ ಹೆಣ ಸುಡುವುದಕ್ಕೂ ತೆರಿಗೆ ಬಂತೆಂದು ಗುಲ್ಲೆದ್ದಿತ್ತು. ಏರಿದ್ದು ಕಟ್ಟಡದ ಮೇಲಿನ ತೆರಿಗೆ ಮಾತ್ರ. ಸೇವೆಗೆ ತೆರಿಗೆ ಇಲ್ಲದಿರುವುದು ಸರಿಯೇ. ಆದರೆ ತೆರಿಗೆ ಇಲ್ಲದ ಕಡೆ ಬಿಲ್ಲಿಗೆ ಒತ್ತಾಯವೂ ಇರುವುದಿಲ್ಲ. ಸಾಮಗ್ರಿ, ಬಾಡಿಗೆ, ಕೂಲಿ, ದಲ್ಲಾಳಿ ಎಲ್ಲವೂ ಒಂದೇ ಮೊತ್ತದಲ್ಲಿ ಕರಗಿಹೋಗುತ್ತವೆ. ಆ ಮೊತ್ತದಲ್ಲಿ ಕುಣಿ ತೆಗೆದವರಿಗೆ ಎಷ್ಟು ಮುಟ್ಟಿತು ಎಂದು ಕೊಟ್ಟವರಿಗೂ ತಿಳಿಯುವುದಿಲ್ಲ.

ಬಡವರ ಮನೆಗೆ ಈ ಮೊತ್ತವೇ ಸಾಲವಾಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಅಂತ್ಯಸಂಸ್ಕಾರಕ್ಕಾಗಿ 5,000 ರೂಪಾಯಿ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ತಂದಿತ್ತು. ಸಾವು ಕಾಯುವುದಿಲ್ಲ, ಅರ್ಜಿ ಕಾಯುತ್ತದೆ. ನಾಡಕಚೇರಿಗೆ ಕಾಗದ ಒಯ್ದು ಹಣ ಬರುವ ಹೊತ್ತಿಗೆ ಕೈಸಾಲ ತೀರಿಸುವ ಗಡುವು ದಾಟಿರುತ್ತಿತ್ತು. ಆ ನಡುವಿನ ಅಂತರವನ್ನು ತುಂಬಿದ್ದು ಎಷ್ಟೋ ಬಾರಿ ಇದೇ ಅಂಗಡಿಯ ಉದ್ದರಿ. ತಿಥಿ ಮುಗಿಯಲಿ, ಆಮೇಲೆ ಕೊಡಿ ಎನ್ನುವ ಮಾತು ಪರಿಚಯದ ಕುಟುಂಬದಿಂದ ಬರಬಹುದು, ಕಂಪನಿಯಿಂದ ಬರಲಾರದು.

ಕಾಗದದ ವಿಷಯ ಇನ್ನೂ ದೊಡ್ಡದು. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಶವಸಂಸ್ಕಾರದ ಜಾಗವನ್ನು ನೋಡಿಕೊಳ್ಳುವವರಿಗೂ ಅಲ್ಲಿ ನಡೆದದ್ದನ್ನು ನೋಂದಣಾಧಿಕಾರಿಗೆ ತಿಳಿಸುವ ಕರ್ತವ್ಯವಿದೆ. ಆಸ್ಪತ್ರೆಯಲ್ಲಿ ಸತ್ತವರ ಮಾಹಿತಿ ಆಸ್ಪತ್ರೆಯಿಂದ ಹೋಗುತ್ತದೆ. ಮನೆಯಲ್ಲಿ ಸತ್ತವರದ್ದು ಮನೆಯವರ ತಲೆಯ ಮೇಲೆ. ಶೋಕದ ಹನ್ನೊಂದು ದಿನ, ಬಂದುಹೋಗುವವರು, ಊಟದ ಏರ್ಪಾಡು ಎನ್ನುವಷ್ಟರಲ್ಲಿ 21 ದಿನ ಜಾರಿರುತ್ತದೆ. ಮರಣ ಪ್ರಮಾಣಪತ್ರ ಇಲ್ಲದೆ ಎಲ್‌ಐಸಿ ಹಣ ಬರುವುದಿಲ್ಲ, ಕುಟುಂಬ ಪಿಂಚಣಿ ಶುರುವಾಗುವುದಿಲ್ಲ, ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಗುವುದಿಲ್ಲ. ಪೌತಿ ಖಾತೆ ಆಗದ ಹೊಲಕ್ಕೆ ಸಾಲವೂ ಇಲ್ಲ, ಬೆಳೆ ಪರಿಹಾರವೂ ಇಲ್ಲ. ರುದ್ರಭೂಮಿಯಲ್ಲಿ ಬರೆಸಿಕೊಳ್ಳಬೇಕಾದ ಒಂದು ಚೀಟಿಯ ಬೆಲೆ ಇಷ್ಟು. ಆ ಚೀಟಿ ಕೇಳಿ ಎಂದು ಮನೆಯವರಿಗೆ ನೆನಪಿಸುವವರು ಹೆಚ್ಚಾಗಿ ಅಂಗಡಿಯವರೇ.

2020 ಮತ್ತು 2021, ಕೋವಿಡ್ ಈ ಕಸುಬನ್ನು ಕಲಕಿದ ವರ್ಷಗಳು. 2020ರ ಜೂನ್ ಕೊನೆಯಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವಿಡಿಯೊ ನೋಡಿದ ಮೇಲೆ ನಮ್ಮ ಜಿಲ್ಲೆಗಳಲ್ಲೂ ಜನರಿಗೆ ಸಾವಿಗಿಂತ ಸಂಸ್ಕಾರದ ಚಿಂತೆ ಹತ್ತಿತ್ತು. ವಿಮಾನವಿಲ್ಲ, ಕೂರಿಸುವುದಿಲ್ಲ, ಮುಖ ನೋಡುವುದಿಲ್ಲ. ಆ ಕಾಲದಲ್ಲಿ ಆಂಬುಲೆನ್ಸ್ ಇದ್ದವರು, ನಿಲುವಂಗಿ ತೊಟ್ಟು ಹೆಣ ಮುಟ್ಟಲು ಸಿದ್ಧರಿದ್ದವರು ಈ ವ್ಯವಹಾರದ ಮಧ್ಯಕ್ಕೆ ಬಂದರು. ಸೋಂಕು ಇಳಿದ ಮೇಲೂ ಅವರು ಅಲ್ಲೇ ಉಳಿದರು. ಹಳೆಯ ಅಂಗಡಿಗೆ ನಿಜವಾದ ಪೈಪೋಟಿ ಅಮೆರಿಕದ ಮಾದರಿಯ ಕಂಪನಿಯಿಂದ ಬರುತ್ತಿಲ್ಲ, ಆಸ್ಪತ್ರೆಯ ಗೇಟಿನಿಂದ ಬರುತ್ತಿದೆ. ದೇಹ ವಾರ್ಡಿನಿಂದ ಹೊರಬರುವ ಕ್ಷಣದಲ್ಲಿ ಎದುರು ನಿಂತವರೇ ಮುಂದಿನದೆಲ್ಲವನ್ನೂ ನಿರ್ಧರಿಸುತ್ತಾರೆ. ಆ ಹೊತ್ತಿನಲ್ಲಿ ಎರಡನೆಯ ಕಡೆ ಬೆಲೆ ವಿಚಾರಿಸುವ ಮಗ ಇನ್ನೂ ಹುಟ್ಟಿಲ್ಲ. ಗೇಟಿನಲ್ಲಿ ನಿಂತವರಿಗೆ ಓಣಿಯ ಮರ್ಯಾದೆಯ ಭಯವೂ ಇಲ್ಲ, ಏಕೆಂದರೆ ಅವರಿಗೆ ಓಣಿಯೇ ಇಲ್ಲ.

ಕುಟುಂಬದೊಳಗಿನಿಂದಲೂ ಕುತ್ತು ಇದೆ. ಅಂತ್ಯಕ್ರಿಯೆಯ ಅಂಗಡಿಗೆ ಮಳಿಗೆ ಬಾಡಿಗೆಗೆ ಸಿಗುವುದು ಕಷ್ಟ, ಮಗನಿಗೆ ಹೆಣ್ಣು ಸಿಗುವುದು ಇನ್ನೂ ಕಷ್ಟ. ಎಷ್ಟೋ ಮನೆಗಳು ಬೋರ್ಡಿನ ಮೇಲೆ ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ಎಂದು ಬರೆಸಿ, ಕೆಳಗೆ ಸಣ್ಣಕ್ಷರದಲ್ಲಿ ಫ್ರೀಜರ್ ದೊರೆಯುತ್ತದೆ ಎಂದು ಸೇರಿಸುವುದು ಇದಕ್ಕೇ. ಮದುವೆಗೂ ಅದೇ ಕುರ್ಚಿ, ಮಣ್ಣಿಗೂ ಅದೇ ಕುರ್ಚಿ. ಓದಿದ ಮಕ್ಕಳು ಮರಳುವುದಿಲ್ಲ. ಅಪ್ಪನ ತಲೆಯಲ್ಲಿರುವ ತಿಳಿವಳಿಕೆ, ಯಾವ ಮನೆತನಕ್ಕೆ ಯಾವ ರೀತಿ, ಪಿ.ಬಿ. ರಸ್ತೆಯ ರುದ್ರಭೂಮಿಯಲ್ಲಿ ಯಾರನ್ನು ಕೇಳಬೇಕು ಎನ್ನುವುದು, ಎಲ್ಲಿಯೂ ಬರೆದಿಟ್ಟಿಲ್ಲ. ಅದು ಅವರ ಜೊತೆಗೇ ಹೋಗುತ್ತದೆ. ಕುಣಿ ತೆಗೆಯುವವರ ಮಕ್ಕಳೂ ಮರಳುವುದಿಲ್ಲ, ಮರಳಲೂ ಬಾರದು; ಅಲ್ಲಿಗೆ ಈಗಾಗಲೇ ಜೆಸಿಬಿ ಬಂದಿದೆ. ಕುಳಿತ ಭಂಗಿಗೆ ಬೇಕಾದ ಗೂಡನ್ನು ಮಾತ್ರ ಜೆಸಿಬಿ ಕೊರೆಯಲಾರದು, ಅದಕ್ಕೆ ಇನ್ನೂ ಒಬ್ಬ ಮನುಷ್ಯ ಹಾರೆ ಹಿಡಿದು ಕೆಳಗಿಳಿಯಬೇಕು.

ಪಾಲಿಕೆ ಮಾಡಬಹುದಾದದ್ದು ದೊಡ್ಡ ಖರ್ಚಿನದಲ್ಲ. ಪ್ರತಿ ರುದ್ರಭೂಮಿಯ ಬಾಗಿಲಲ್ಲಿ ಕುಣಿಯ ಕೂಲಿ, ಸೌದೆಯ ದರ, ವಾಹನದ ಬಾಡಿಗೆ ಬರೆದ ಫಲಕ ಹಾಕಬಹುದು. ಜಿಲ್ಲಾ ಆಸ್ಪತ್ರೆಯ ಶವಾಗಾರದ ಎದುರಿಗೂ ಅದೇ ಫಲಕದ ಪ್ರತಿ ಇರಲಿ, ಏಕೆಂದರೆ ಬೆಲೆ ತೀರ್ಮಾನವಾಗುವುದು ಅಲ್ಲಿ. ಕುಣಿ ತೆಗೆಯುವವರನ್ನು ಹೆಸರು ಬರೆದು ಪಾಲಿಕೆಯ ಕೆಲಸಗಾರರೆಂದು ತೆಗೆದುಕೊಂಡರೆ ಕೂಲಿ ದಲ್ಲಾಳಿಯ ಕೈ ದಾಟುವುದು ತಪ್ಪುತ್ತದೆ. ಅಂಗಡಿಗಳಿಗೆ ವ್ಯಾಪಾರ ಪರವಾನಗಿ ಕೊಡುವಾಗಲೇ ಬಿಡಿಬಿಡಿಯಾದ ದರಪಟ್ಟಿಯ ಷರತ್ತು ಸೇರಿಸಬಹುದು. ಇದಕ್ಕೆ ಹಳೆಯ ಅಂಗಡಿಗಳು ವಿರೋಧಿಸುತ್ತವೆಂದು ನನಗನ್ನಿಸುವುದಿಲ್ಲ. ನ್ಯಾಯವಾದ ಬೆಲೆಗೆ ಕೆಲಸ ಮಾಡುವವರಿಗೆ ಗೇಟಿನ ದಲ್ಲಾಳಿಯನ್ನು ಎದುರಿಸಲು ಸಿಗುವ ಆಯುಧವೇ ಅದು. ಇದೆಲ್ಲಕ್ಕೂ ಮೊದಲು, ಪ್ರತಿ ರುದ್ರಭೂಮಿಯಲ್ಲೂ ಒಂದು ರಸೀದಿ ಪುಸ್ತಕ, ಅದನ್ನು ಬರೆಯಲು ಹಗಲೂ ರಾತ್ರಿ ಪಾಳಿಯ ಮೇಲೆ ಒಬ್ಬ ನೌಕರ ಬೇಕು.